ಗರ್ಭಿಣಿಯ ವಾಂತಿ, ವಾಕರಿಕೆ: ಅರ್ಧ ಮದ್ದು ಅಡುಗೆಮನೆಯಲ್ಲೇ ಇದೆ, ಇನ್ನರ್ಧಕ್ಕೆ ಡಾಕ್ಟರ್ ಬೇಕು

ಬೆಳಿಗ್ಗೆ ಐದೂವರೆ ಗಂಟೆ. ಶಾರ್ಜಾದ ಒಂದು ಶೇರಿಂಗ್ ಫ್ಲ್ಯಾಟ್. ಗಂಡನಿಗೆ ಕಂಪೆನಿ ಬಸ್ ಹಿಡಿಯುವ ಗಡಿಬಿಡಿ. ಎರಡು ತಿಂಗಳ ಬಸುರಿ ಹೆಂಡತಿ ಬಾತ್‌ರೂಮಿನಿಂದ ಹೊರಗೆ ಬರುತ್ತಿಲ್ಲ. ಪಕ್ಕದ ರೂಮಿನವರು ಮಧ್ಯಾಹ್ನದ ಬುತ್ತಿಗೆ ಮೀನು ಹುರಿಯುತ್ತಿದ್ದಾರೆ, ಆ ವಾಸನೆಗೇ ಅವಳ ಹೊಟ್ಟೆ ತೊಳಸುತ್ತಿದೆ. ಊರಿನಲ್ಲಾಗಿದ್ದರೆ ಅಮ್ಮನೋ ಅತ್ತೆಯೋ ಪಕ್ಕದಲ್ಲಿ ನಿಂತು ಬೆನ್ನು ನೀವುತ್ತಿದ್ದರು. ಇಲ್ಲಿ ಅಮ್ಮ ಬೋಟಿಮ್ ಕಾಲ್‌ನಲ್ಲಿ. "ಏನಾದ್ರೂ ತಿನ್ನು ಮಗಾ, ಎರಡು ಜೀವಕ್ಕೆ ಬೇಕಲ್ವಾ" ಎನ್ನುತ್ತಾರೆ. ತಿಂದದ್ದು ನಿಲ್ಲುವುದಿಲ್ಲ, ತಿನ್ನದಿದ್ದರೆ ಸಂಕಟ ಇನ್ನೂ ಹೆಚ್ಚು.

ಗಲ್ಫ್‌ನಲ್ಲಿರುವ ಎಷ್ಟೋ ಮನೆಗಳ ಕಥೆ ಇದು. ಕ್ಲಿನಿಕ್‌ನಲ್ಲಿ, ಆಫೀಸಿನಲ್ಲಿ, ಬೇರೆಯವರ ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗಂತೂ ಈ ಸಂಕಟದ ಜೊತೆಗೇ ಡ್ಯೂಟಿಯೂ ಆಗಬೇಕು. ಏನು ತಿಂದರೆ ಹೊಟ್ಟೆಯಲ್ಲಿ ನಿಲ್ಲಬಹುದು, ಹೇಗೆ ತಿನ್ನಬೇಕು, ಯಾವಾಗ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು ಎನ್ನುವ ಮೂರು ವಿಷಯ ಗೊತ್ತಿದ್ದರೆ ಈ ಕೆಲವು ವಾರಗಳನ್ನು ದಾಟುವುದು ಸ್ವಲ್ಪ ಸುಲಭ.

ಇದು ನಾಟಕ ಅಲ್ಲ, ಹಾರ್ಮೋನ್

ಹತ್ತು ಮಂದಿ ಗರ್ಭಿಣಿಯರಲ್ಲಿ ಏಳೆಂಟು ಮಂದಿಗೆ ವಾಕರಿಕೆ ಅಥವಾ ವಾಂತಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ 6ನೇ ವಾರದ ಆಸುಪಾಸಿನಲ್ಲಿ ಶುರುವಾಗಿ, 8ರಿಂದ 10ನೇ ವಾರದ ಹೊತ್ತಿಗೆ ಜೋರಾಗಿ, 12ರಿಂದ 16ನೇ ವಾರದೊಳಗೆ ಹೆಚ್ಚಿನವರಿಗೆ ಇಳಿಯುತ್ತದೆ. ಕೆಲವರಿಗೆ 20ನೇ ವಾರದ ತನಕ, ಅಪರೂಪಕ್ಕೆ ಹೆರಿಗೆಯ ತನಕವೂ ಎಳೆಯಬಹುದು. ಬೆಳಿಗ್ಗೆ ಮಾತ್ರ ಬರುತ್ತದೆ ಎನ್ನುವುದು ತಪ್ಪು. ಮಧ್ಯಾಹ್ನ, ರಾತ್ರಿ, ಯಾವಾಗ ಬೇಕಾದರೂ ಬರಬಹುದು.

ಕಾರಣ ಏನು? ಗರ್ಭ ನಿಂತ ಮೇಲೆ ಏರುವ ಹಾರ್ಮೋನ್‌ಗಳು ಎಂದು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. 2023ರ ಡಿಸೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊಟ್ಟೆಯಲ್ಲಿರುವ ಮಗುವಿನ ಕಡೆಯಿಂದ ಜಿಡಿಎಫ್15 ಎಂಬ ಹಾರ್ಮೋನ್ ತಾಯಿಯ ರಕ್ತಕ್ಕೆ ಸೇರುತ್ತದೆ, ಅದು ಮಿದುಳಿನಲ್ಲಿ ವಾಕರಿಕೆ ಎಬ್ಬಿಸುತ್ತದೆ. ಗರ್ಭಿಣಿಯಾಗುವ ಮೊದಲು ಯಾರ ಮೈಯಲ್ಲಿ ಈ ಹಾರ್ಮೋನ್ ಕಡಿಮೆ ಇತ್ತೋ ಅವರಿಗೆ ಅಭ್ಯಾಸ ಇಲ್ಲದ ಕಾರಣ ತೊಂದರೆ ಜಾಸ್ತಿ.

ಇದನ್ನು ಹೇಳಲು ಕಾರಣ ಇದೆ. "ನಮ್ಮ ಕಾಲದಲ್ಲಿ ಇಷ್ಟೆಲ್ಲಾ ಇರ್ಲಿಲ್ಲಪ್ಪ", "ಮನಸ್ಸು ಗಟ್ಟಿ ಮಾಡ್ಕೋ" ಎನ್ನುವ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ. ಒಬ್ಬರಿಗೆ ಬರೀ ಬಾಯಿರುಚಿ ಹೋಗುತ್ತದೆ, ಇನ್ನೊಬ್ಬರು ಹಾಸಿಗೆ ಹಿಡಿಯುತ್ತಾರೆ. ಆ ವ್ಯತ್ಯಾಸ ಮನಸ್ಸಿನದ್ದಲ್ಲ, ಮೈಯದ್ದು. ಆಕೆ ಸೋಮಾರಿಯೂ ಅಲ್ಲ, ನಾಜೂಕಿನವಳೂ ಅಲ್ಲ.

ಇನ್ನೊಂದು ಸಮಾಧಾನದ ವಿಷಯ. ಸಾಧಾರಣ ಮಟ್ಟದ ವಾಂತಿಯಿಂದ ಮಗುವಿಗೆ ತೊಂದರೆ ಇಲ್ಲ. ಮೊದಲ ಮೂರು ತಿಂಗಳಲ್ಲಿ ಮಗು ತುಂಬಾ ಚಿಕ್ಕದು, ಇಬ್ಬರಿಗಾಗುವಷ್ಟು ಊಟ ಆಗ ಬೇಕಾಗಿಯೇ ಇಲ್ಲ. ಆದ್ದರಿಂದ ಒತ್ತಾಯ ಮಾಡಿ ತಟ್ಟೆ ತುಂಬಾ ಬಡಿಸುವುದನ್ನು ಮೊದಲು ನಿಲ್ಲಿಸಿ.

ಏನು ಎನ್ನುವುದಕ್ಕಿಂತ ಹೇಗೆ ಎನ್ನುವುದು ಮುಖ್ಯ

ಹೊಟ್ಟೆ ಪೂರ್ತಿ ಖಾಲಿಯಾದರೂ ವಾಕರಿಕೆ, ಪೂರ್ತಿ ತುಂಬಿದರೂ ವಾಕರಿಕೆ. ಹಾಗಾಗಿ ಮೂರು ಹೊತ್ತಿನ ಊಟದ ಪದ್ಧತಿಯನ್ನು ಸ್ವಲ್ಪ ಕಾಲ ಮರೆತುಬಿಡಿ. ಒಂದೂವರೆ, ಎರಡು ಗಂಟೆಗೊಮ್ಮೆ ಒಂದು ಹಿಡಿಯಷ್ಟು ತಿಂದರೆ ಸಾಕು.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಒಣ ತಿಂಡಿ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು. ಒಂದು ರಸ್ಕ್, ಎರಡು ಉಪ್ಪು ಬಿಸ್ಕೆಟ್, ಒಂದು ಹಿಡಿ ಮಂಡಕ್ಕಿ ಅಥವಾ ಅರಳು, ತವಾದ ಮೇಲೆ ಗರಿಗರಿ ಮಾಡಿದ ಖುಬ್ಬೂಸ್ ತುಂಡು, ಯಾವುದಾದರೂ ಆಗುತ್ತದೆ. ತಿಂದು ಹತ್ತು ಹದಿನೈದು ನಿಮಿಷ ಮಲಗಿದ್ದು ನಿಧಾನಕ್ಕೆ ಏಳಬೇಕು. ಧಡಕ್ಕನೆ ಎದ್ದರೆ ತಲೆಸುತ್ತು, ಹಿಂದೆಯೇ ವಾಂತಿ. ಡ್ಯೂಟಿಗೆ ಹೊರಡುವ ಗಂಡ ರಾತ್ರಿಯೇ ಒಂದು ಡಬ್ಬಿ ತುಂಬಿಸಿ ದಿಂಬಿನ ಪಕ್ಕ ಇಟ್ಟರೆ ಅದೇ ದೊಡ್ಡ ಸೇವೆ.

ಊಟದ ಜೊತೆ ಗಟಗಟ ನೀರು ಕುಡಿಯುವುದೂ ಬೇಡ. ತಿನ್ನುವುದಕ್ಕೂ ಕುಡಿಯುವುದಕ್ಕೂ ಅರ್ಧ ಗಂಟೆ ಅಂತರ ಇರಲಿ. ತಿಂದ ಕೂಡಲೇ ಅಡ್ಡ ಮಲಗುವುದೂ ಒಳ್ಳೆಯದಲ್ಲ.

ಮೂರನೆಯದು ವಾಸನೆ. ಈ ಸಮಯದಲ್ಲಿ ಮೂಗು ಎಷ್ಟು ಚುರುಕೆಂದರೆ ಒಗ್ಗರಣೆ, ಹುರಿದ ಎಣ್ಣೆ, ಲಿಫ್ಟ್‌ನಲ್ಲಿ ಯಾರೋ ಹಾಕಿಕೊಂಡ ಅತ್ತರ್, ನೆರೆಮನೆಯ ಬಖೂರ್ ಹೊಗೆ, ಎಲ್ಲವೂ ಹೊಟ್ಟೆ ಕಲಕುತ್ತದೆ. ಬಿಸಿ ಅಡುಗೆಗಿಂತ ತಣ್ಣಗಿನ ಅಡುಗೆಗೆ ವಾಸನೆ ಕಡಿಮೆ. ಆದ್ದರಿಂದಲೇ ಬಿಸಿ ಸಾರು ಅನ್ನ ನೋಡಿದರೆ ಓಡುವವರು ತಣ್ಣಗಿನ ಮೊಸರನ್ನವನ್ನು ಆರಾಮಾಗಿ ತಿನ್ನುವುದುಂಟು. ಶೇರಿಂಗ್ ಫ್ಲ್ಯಾಟ್‌ನಲ್ಲಿ ಇರುವವರು ಜೊತೆಗಾರರ ಹತ್ತಿರ ಒಂದು ಮಾತು ಹೇಳಿ, ಹುರಿಯುವಾಗ ರೂಮಿನ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ವಿಷಯ ಗೊತ್ತಾದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ.

ಶುಂಠಿ: ಅಜ್ಜಿಯ ಮಾತಿಗೆ ಲೆಕ್ಕದ ಬೆಂಬಲ

ಅಡುಗೆಮನೆಯ ಮದ್ದುಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಶುಂಠಿ. 2001ರಲ್ಲಿ ಪ್ರಕಟವಾದ ಥಾಯ್ಲೆಂಡ್‌ನ ಅಧ್ಯಯನವೊಂದರಲ್ಲಿ ಒಂದು ಗುಂಪಿನ ಗರ್ಭಿಣಿಯರಿಗೆ ದಿನಕ್ಕೆ 1 ಗ್ರಾಂ ಶುಂಠಿಪುಡಿಯನ್ನು ನಾಲ್ಕು ದಿನ ಕೊಟ್ಟರು, ಇನ್ನೊಂದು ಗುಂಪಿಗೆ ಶುಂಠಿ ಇಲ್ಲದ ಬರೀ ಮಾತ್ರೆ. ಶುಂಠಿ ತಗೊಂಡ 32 ಮಂದಿಯಲ್ಲಿ 28 ಮಂದಿಗೆ ವಾಕರಿಕೆ ಕಡಿಮೆಯಾಯಿತು. ಇನ್ನೊಂದು ಗುಂಪಿನ 35 ಮಂದಿಯಲ್ಲಿ 10 ಮಂದಿಗೆ ಮಾತ್ರ. ಆಮೇಲೆ ಬಂದ ಹಲವು ಅಧ್ಯಯನಗಳೂ ಶುಂಠಿಯಿಂದ ವಾಕರಿಕೆ ತಗ್ಗುತ್ತದೆ ಎಂದೇ ಹೇಳುತ್ತವೆ. ವಾಂತಿ ಎಷ್ಟು ನಿಲ್ಲುತ್ತದೆ ಎನ್ನುವುದರಲ್ಲಿ ಮಾತ್ರ ಅಷ್ಟು ಖಚಿತ ಫಲಿತಾಂಶ ಇಲ್ಲ.

ಒಂದು ಗ್ರಾಂ ಎಂದರೆ ಸುಮಾರು ಅರ್ಧ ಟೀ ಚಮಚ ಒಣಶುಂಠಿ ಪುಡಿ, ಅಥವಾ ಒಂದು ಟೀ ಚಮಚ ತುರಿದ ಹಸಿ ಶುಂಠಿ. ಅದನ್ನೂ ಒಂದೇ ಸಲ ಅಲ್ಲ, ದಿನದಲ್ಲಿ ಮೂರು ನಾಲ್ಕು ಸಲ ಹಂಚಿಕೊಳ್ಳಬೇಕು. ಒಳ್ಳೆಯದೆಂದು ಮುಷ್ಟಿಗಟ್ಟಲೆ ಅರೆದು ಕುಡಿದರೆ ಎದೆ ಉರಿ ಗ್ಯಾರಂಟಿ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್‌ನ ಕೇಳದೆ ಮದ್ದಿನಂತೆ ಶುಂಠಿ ತಗೊಳ್ಳಬಾರದು.

ಕರಾವಳಿ, ಮಲೆನಾಡಿನವರಿಗೆ ಇದಕ್ಕೆ ಹೇಳಿ ಮಾಡಿಸಿದ ಅಡುಗೆ ಶುಂಠಿ ತಂಬುಳಿ. ಒಂದು ಸಣ್ಣ ತುಂಡು ಶುಂಠಿ, ಸ್ವಲ್ಪ ತೆಂಗಿನತುರಿ, ಚಿಟಿಕೆ ಜೀರಿಗೆ, ಉಪ್ಪು ಸೇರಿಸಿ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು. ಕುದಿಸುವುದಿಲ್ಲ, ಒಗ್ಗರಣೆಯೂ ಬೇಡ, ವಾಸನೆಯೂ ಏಳುವುದಿಲ್ಲ. ಅನ್ನಕ್ಕೆ ಕಲಸಿ ತಿನ್ನಬಹುದು, ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಯಲೂಬಹುದು. ಮಜ್ಜಿಗೆ ಕಡೆಯಲು ಪುರುಸೊತ್ತಿಲ್ಲವೇ? ಯಾವ ಬಕಾಲದಲ್ಲೂ ಸಿಗುವ ಲಬನ್ ಬಾಟಲಿ ತಂದು ಅಷ್ಟೇ ನೀರು ಬೆರೆಸಿದರೆ ನಮ್ಮ ಮಜ್ಜಿಗೆಗೆ ಹತ್ತಿರ ಬರುತ್ತದೆ.

ಹುಳಿ, ಗಂಜಿ, ಕಡಲೆ

ಬಸುರಿಗೆ ಹುಳಿಯ ಬಯಕೆ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಬಾಯಲ್ಲಿ ನೀರೂರಿ ಕಹಿ ಕಹಿ ಆದಾಗ ಲಿಂಬೆ ಶರಬತ್ತು, ಪುನರ್ಪುಳಿ ಶರಬತ್ತು, ಹುಣಸೆಯ ತಿಳಿಸಾರು ಎಷ್ಟೋ ಮಂದಿಗೆ ಹಿಡಿಸುತ್ತದೆ. ಲಿಂಬೆಯ ಪರಿಮಳದ ಬಗ್ಗೆ ಇರಾನಿನಲ್ಲಿ 100 ಗರ್ಭಿಣಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವಿದೆ. ಲಿಂಬೆ ಎಣ್ಣೆಯನ್ನು ಮೂಸಿದವರಿಗೆ ವಾಕರಿಕೆ ಸ್ವಲ್ಪ ಕಡಿಮೆಯಾಗಿತ್ತು. ಬಸ್ಸಿನಲ್ಲಿ, ಲಿಫ್ಟ್‌ನಲ್ಲಿ ಹೋಗುವಾಗ ಕರ್ಚೀಫಿನಲ್ಲಿ ಒಂದು ಕೊಯ್ದ ಲಿಂಬೆ ಇಟ್ಟುಕೊಂಡರೆ ನಷ್ಟವೇನಿಲ್ಲ. ಮಾವಿನ ಮಿಡಿ ಉಪ್ಪಿನಕಾಯಿ ನಾಲಿಗೆಗೆ ತಾಗಿಸುವಷ್ಟು ಇರಲಿ. ಬಿಪಿ ಇದ್ದವರು ಅದರಿಂದ ದೂರ ಇರುವುದೇ ಲೇಸು.

ಹೊಟ್ಟೆಗೆ ಆಧಾರವಾಗಿ ಕುಚ್ಚಿಲಕ್ಕಿ ಗಂಜಿಯಷ್ಟು ಹಗುರವಾದದ್ದು ಬೇರೆ ಕಡಿಮೆ. ಗಂಜಿತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿದರೆ ನೀರು, ಉಪ್ಪು, ಶಕ್ತಿ ಮೂರೂ ಸಿಗುತ್ತದೆ. ಆದರೆ ಗಂಜಿಯಾಗಲಿ ಅನ್ನವಾಗಲಿ ರಾತ್ರಿಯಿಡೀ ಹೊರಗೆ ಬಿಡಬಾರದು, ತಣಿದ ಕೂಡಲೇ ಫ್ರಿಜ್‌ನಲ್ಲಿಡಬೇಕು. ಇಲ್ಲಿನ ಸೆಖೆಗೆ ಬೇಗ ಕೆಡುತ್ತದೆ, ಆಗ ವಾಂತಿಗೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ರಾಗಿ ಅಭ್ಯಾಸ ಇರುವವರು ತೆಳ್ಳಗಿನ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯಬಹುದು.

ಬರೀ ಬಿಸ್ಕೆಟ್, ಗಂಜಿ ತಿಂದರೆ ಬೇಗ ಹಸಿವಾಗಿ ಮತ್ತೆ ವಾಕರಿಕೆ ಶುರುವಾಗುತ್ತದೆ. ಅದಕ್ಕೆ ಪ್ರೋಟೀನ್ ಜೊತೆಗೂಡಬೇಕು. ಹುರಿಗಡಲೆ, ಬೇಯಿಸಿದ ನೆಲಗಡಲೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಮೊಸರು, ಹೆಸರುಬೇಳೆ ತೊವ್ವೆ, ಇವುಗಳಲ್ಲಿ ಯಾವುದು ಒಗ್ಗುತ್ತದೋ ಅದು. ರಾತ್ರಿ ಮಲಗುವ ಮೊದಲು ಇಂಥದ್ದು ಸ್ವಲ್ಪ ತಿಂದರೆ ಬೆಳಿಗ್ಗೆ ಹೊಟ್ಟೆ ಪೂರಾ ಬರಿದಾಗಿರುವುದಿಲ್ಲ.

ಬಾಳೆಹಣ್ಣು ತಿಂದರೆ ವಿಟಮಿನ್ ಬಿ6 ಸಿಗುತ್ತದೆ, ವಾಂತಿ ನಿಲ್ಲುತ್ತದೆ ಎಂಬ ಸಲಹೆ ಮೊಬೈಲ್‌ನಲ್ಲಿ ತುಂಬಾ ಓಡಾಡುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿರುವ ಬಿ6 ಸುಮಾರು 0.4 ಮಿಲಿಗ್ರಾಂ. ವಾಂತಿಗೆ ಡಾಕ್ಟರ್ ಬರೆಯುವ ಪ್ರಮಾಣ ಒಂದು ಹೊತ್ತಿಗೆ 10ರಿಂದ 25 ಮಿಲಿಗ್ರಾಂ. ಅಂದರೆ ಕನಿಷ್ಠ ಪ್ರಮಾಣಕ್ಕೇ ಒಂದು ಹೊತ್ತಿಗೆ 25 ಬಾಳೆಹಣ್ಣು ಬೇಕು! ಬಾಳೆಹಣ್ಣು ಮೆತ್ತಗಿದೆ, ಹೊಟ್ಟೆಗೆ ಹಿತ, ಖಂಡಿತ ತಿನ್ನಿ. ಆದರೆ ಅದು ಹಣ್ಣು, ಮಾತ್ರೆಯ ಬದಲಿಯಲ್ಲ.

ನೀರಿನ ಲೆಕ್ಕ ತಪ್ಪಬಾರದು

ಒಂದೆರಡು ದಿನ ಊಟ ಕಡಿಮೆಯಾದರೆ ಮೈ ತಡೆದುಕೊಳ್ಳುತ್ತದೆ. ನೀರು ಕಡಿಮೆಯಾದರೆ ತಡೆಯುವುದಿಲ್ಲ. ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕದ ಗಲ್ಫ್ ಬಿಸಿಲಿನಲ್ಲಿ ಅಪಾಯ ಜಾಸ್ತಿ. ಒಂದೇ ಸಲ ಲೋಟ ತುಂಬಾ ಕುಡಿದರೆ ವಾಪಸ್ ಬರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒಂದೆರಡು ಗುಟುಕು, ಇಲ್ಲವೇ ಐಸ್ ತುಂಡು ಬಾಯಲ್ಲಿಟ್ಟು ಚೀಪುವುದು. ಎಳನೀರು, ನೀರು ಮಜ್ಜಿಗೆ, ಉಪ್ಪು ಸಕ್ಕರೆ ಹಾಕಿದ ಲಿಂಬೆ ನೀರು ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ.

ವಾಂತಿ ಹೆಚ್ಚಿದ್ದರೆ ಫಾರ್ಮಸಿಯಲ್ಲಿ ಸಿಗುವ ಓಆರ್‌ಎಸ್ ಒಳ್ಳೆಯದು. ಪ್ಯಾಕೆಟಿನ ಅಳತೆ ಒಂದೊಂದು ಕಂಪೆನಿಗೆ ಒಂದೊಂದು ರೀತಿ, ಎಷ್ಟು ನೀರಿಗೆ ಎಂದು ಓದಿಯೇ ಬೆರೆಸಿ. ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರ್‌ನ ಕೇಳಿ ಕುಡಿಯಬೇಕು.

ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ. ಹೊಟ್ಟೆಯ ಆಮ್ಲ ತಾಗಿ ಮೆತ್ತಗಾದ ಹಲ್ಲಿನ ಹೊದಿಕೆ ಸವೆಯುತ್ತದೆ. ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ.

ಯಾವುದು ಬೇಡ?

ಕರಿದ ತಿಂಡಿ, ತುಂಬಾ ಖಾರ, ಎಣ್ಣೆ ತೇಲುವ ಬಿರಿಯಾನಿಗೆ ಸ್ವಲ್ಪ ದಿನ ರಜೆ ಕೊಡಿ. ಖಾಲಿ ಹೊಟ್ಟೆಗೆ ಕಡಕ್ ಕರಕ್ ಚಾ ಬೇಡವೇ ಬೇಡ. ಚಹಾ ಕಾಫಿ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು ಎನ್ನುವುದು ಡಾಕ್ಟರರ ಸಾಮಾನ್ಯ ಸಲಹೆ.

ಶಕ್ತಿ ಬರುತ್ತದೆಂದು ಯಾರಾದರೂ ಹಸಿ ಒಂಟೆಹಾಲು ತಂದುಕೊಟ್ಟರೆ ವಿನಯದಿಂದ ಬೇಡ ಎನ್ನಿ. ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂಥ ಸೋಂಕು ತಗಲುತ್ತದೆ, ಗರ್ಭಿಣಿಗೆ ಅದು ಅಪಾಯ. ಮೆತ್ತಗಿನ ಬಿಳಿ ಚೀಸ್ ಕೊಳ್ಳುವಾಗಲೂ ಪಾಶ್ಚರೀಕರಿಸಿದ್ದೇ ಎಂದು ಲೇಬಲ್ ನೋಡಿ. ಕಾಯಿ ಪಪ್ಪಾಯಿ ಬೇಡ. ಊರಿಂದ ಪಾರ್ಸೆಲ್ ಬಂದ ಲೇಹ್ಯ, ಹೆಸರು ಗೊತ್ತಿಲ್ಲದ ಬೇರಿನ ಕಷಾಯ ಡಾಕ್ಟರ್‌ಗೆ ತೋರಿಸದೆ ಬಾಯಿಗೆ ಹಾಕಬೇಡಿ. ಅಡುಗೆಯ ಪ್ರಮಾಣದ ಜೀರಿಗೆ ಕೊತ್ತಂಬರಿ ಕಷಾಯಕ್ಕೆ ಅಡ್ಡಿಯಿಲ್ಲ.

ರಮ್ಜಾನ್ ತಿಂಗಳಲ್ಲಿ ವಾಂತಿ ಜೋರಿದ್ದರೆ ಉಪವಾಸದ ಬಗ್ಗೆ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿ. ತನಗೋ ಮಗುವಿಗೋ ತೊಂದರೆಯಾದೀತು ಎಂಬ ಭಯವಿರುವ ಗರ್ಭಿಣಿಗೆ ಉಪವಾಸ ಮುಂದೂಡಲು ಧರ್ಮದಲ್ಲೇ ರಿಯಾಯಿತಿ ಇದೆ.

ಮಾತ್ರೆಗೆ ಹೆದರಬೇಡಿ, ಆದರೆ ಸ್ವಂತ ವೈದ್ಯ ಬೇಡ

ತಿಂಡಿಯ ಕ್ರಮ ಬದಲಿಸಿಯೂ ಸಂಕಟ ತಗ್ಗದಿದ್ದರೆ ಮಾತ್ರೆಯಿದೆ. ವಿಟಮಿನ್ ಬಿ6, ಅಥವಾ ಬಿ6 ಜೊತೆ ಡಾಕ್ಸಿಲಮೈನ್ ಇರುವ ಮಾತ್ರೆಯನ್ನು ಡಾಕ್ಟರರು ಮೊದಲು ಬರೆಯುತ್ತಾರೆ. ಗರ್ಭಿಣಿಯರಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ಔಷಧಿ ಇದು. ನಿದ್ದೆ ಬರಿಸುತ್ತದೆ, ಹಾಗಾಗಿ ತಗೊಂಡು ಗಾಡಿ ಓಡಿಸುವುದು, ಮೆಷಿನ್ ಹತ್ತಿರ ಕೆಲಸ ಮಾಡುವುದು ಬೇಡ. ಅಕ್ಕನಿಗೆ ಬರೆದ ಮಾತ್ರೆ ತಂಗಿ ನುಂಗುವುದು, ಊರಿಂದ ಬರುವವರ ಕೈಯಲ್ಲಿ ಚೀಟಿ ಇಲ್ಲದೆ ತರಿಸುವುದು ಎರಡೂ ತಪ್ಪು. ಔಷಧಿ ತರುವುದಾದರೆ ಮೂಲ ಪ್ಯಾಕೆಟ್, ಡಾಕ್ಟರ್ ಚೀಟಿ ಜೊತೆಗಿರಲಿ.

ಕೆಲವೊಮ್ಮೆ ವಾಂತಿಗೆ ಕಬ್ಬಿಣದ ಮಾತ್ರೆಯೇ ಕಾರಣವಾಗಿರುತ್ತದೆ. ಮೊದಲ ಮೂರು ತಿಂಗಳಿಗೆ ಅದನ್ನು ಮುಂದೂಡಿ ಬರೀ ಫೋಲಿಕ್ ಆಸಿಡ್ ಸಾಕೇ ಎಂದು ಡಾಕ್ಟರ್‌ನ ಕೇಳಿ. ಫೋಲಿಕ್ ಆಸಿಡ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಮಗುವಿನ ಬೆನ್ನುಹುರಿ, ಮಿದುಳು ರೂಪುಗೊಳ್ಳುವ ಸಮಯ ಇದೇ. ಬೆಳಿಗ್ಗೆ ಆಗದಿದ್ದರೆ ಹೊಟ್ಟೆ ಸ್ವಲ್ಪ ಶಾಂತವಿರುವ ರಾತ್ರಿ ನುಂಗಿ.

ಇವು ಕಂಡರೆ ಕಾಯಬೇಡಿ

ನೂರರಲ್ಲಿ ಒಬ್ಬಿಬ್ಬರಿಗೆ ವಾಂತಿ ಮಿತಿ ಮೀರುತ್ತದೆ. ಅದಕ್ಕೆ ಹೈಪರ್‌ಎಮೆಸಿಸ್ ಎನ್ನುತ್ತಾರೆ. ಅದು ಶುಂಠಿ, ಲಿಂಬೆಯಿಂದ ಗುಣವಾಗುವಂಥದ್ದಲ್ಲ, ಡ್ರಿಪ್ ಬೇಕಾಗುತ್ತದೆ. ಈ ಲಕ್ಷಣಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು:

- 24 ಗಂಟೆಯಿಂದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ
- 8 ಗಂಟೆಯಿಂದ ಮೂತ್ರ ಹೋಗಿಲ್ಲ, ಅಥವಾ ಕಡು ಬಣ್ಣದಲ್ಲಿ ಹೋಗುತ್ತಿದೆ
- ಎದ್ದು ನಿಂತರೆ ಕಣ್ಣು ಕತ್ತಲೆ, ಎದೆ ಬಡಿತ ಜೋರು, ಮಾತಿನಲ್ಲಿ ಗೊಂದಲ
- ತೂಕ ನೂರಕ್ಕೆ 5ರಷ್ಟು ಇಳಿದಿದೆ. 50 ಕಿಲೋ ಇದ್ದವರಿಗೆ ಎರಡೂವರೆ ಕಿಲೋ, 60 ಇದ್ದವರಿಗೆ 3 ಕಿಲೋ
- ವಾಂತಿಯಲ್ಲಿ ರಕ್ತ, ಜ್ವರ, ಹೊಟ್ಟೆನೋವು, ಮೂತ್ರದಲ್ಲಿ ಉರಿ, ಅಥವಾ ರಕ್ತಸ್ರಾವ

9ನೇ ವಾರದ ತನಕ ಏನೂ ಇಲ್ಲದೆ ಆಮೇಲೆ ಹೊಸದಾಗಿ ವಾಂತಿ ಶುರುವಾದರೂ ತೋರಿಸಬೇಕು. ಅದಕ್ಕೆ ಬೇರೆ ಕಾರಣ ಇರಬಹುದು.

ತುರ್ತಿಗೆ ಕರೆ ಮಾಡುವ ನಂಬರ್: ಯುಎಇ 998, ಸೌದಿ 997, ಕುವೈತ್ 112, ಕತಾರ್ ಮತ್ತು ಬಹರೈನ್ 999, ಓಮನ್ 9999.

ಬಿಲ್ಲಿನ ಭಯ

ಇಷ್ಟೆಲ್ಲಾ ಗೊತ್ತಿದ್ದೂ ಆಸ್ಪತ್ರೆಗೆ ಹೋಗದೆ ಕೂರುವವರಿದ್ದಾರೆ. ಕಾರಣ ದುಡ್ಡು. ವಿಸಿಟ್ ವೀಸಾದಲ್ಲಿ ಬಂದ ಹೆಂಡತಿಗೆ ಹೆರಿಗೆ ಸಂಬಂಧಿ ವಿಮೆ ಸಾಮಾನ್ಯವಾಗಿ ಇರುವುದಿಲ್ಲ. ಯುಎಇಯಲ್ಲಿ ದುಬೈ, ಅಬುಧಾಬಿಯ ನಂತರ 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಲ್ಲೂ ಖಾಸಗಿ ಕಂಪೆನಿ ನೌಕರರಿಗೆ ಆರೋಗ್ಯ ವಿಮೆ ಕಡ್ಡಾಯವಾಗಿದೆ. ಆದರೆ ಗಂಡನ ಜೇಬಿನಲ್ಲಿ ಕಾರ್ಡ್ ಇದೆ ಎಂದ ಮಾತ್ರಕ್ಕೆ ಹೆಂಡತಿಗೂ ಇದೆ ಎಂದಲ್ಲ. ಗರ್ಭ ಖಚಿತವಾದ ವಾರವೇ ಎಚ್‌ಆರ್ ಅಥವಾ ವಿಮಾ ಕಂಪೆನಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಹೆರಿಗೆ ಸೌಲಭ್ಯ ಇದೆಯೇ? ಎಷ್ಟು ತಿಂಗಳ ವೇಟಿಂಗ್ ಪೀರಿಯಡ್? ಯಾವ ಕ್ಲಿನಿಕ್? ನಾವು ಕೈಯಿಂದ ಕೊಡಬೇಕಾದ ಪಾಲು ಎಷ್ಟು? ವಿಮೆ ಇಲ್ಲದವರು ಹತ್ತಿರದ ಎರಡು ಮೂರು ಕ್ಲಿನಿಕ್‌ಗಳಲ್ಲಿ ಕನ್ಸಲ್ಟೇಶನ್ ಮತ್ತು ಡ್ರಿಪ್‌ಗೆ ಎಷ್ಟು ಎಂದು ಮೊದಲೇ ವಿಚಾರಿಸಿ, ಅಷ್ಟು ದುಡ್ಡು ಬೇರೆ ತೆಗೆದಿಡಿ. ಮೊದಲ ದಿನದ ಒಂದು ಡ್ರಿಪ್‌ನಲ್ಲಿ ಮುಗಿಯುವುದನ್ನು ನಾಲ್ಕು ದಿನ ಎಳೆದರೆ ಅಡ್ಮಿಟ್ ಮಾಡಬೇಕಾಗುತ್ತದೆ. ಆಗ ಉಳಿಸಿದ ದುಡ್ಡೂ ಹೋಯಿತು, ಜೀವಕ್ಕೂ ಕಷ್ಟ.

ಗಂಡಂದಿರಿಗೆ ಒಂದು ಸಣ್ಣ ಕೆಲಸ. ಮೊಬೈಲ್‌ನಲ್ಲಿ ದಿನಕ್ಕೊಂದು ಸಾಲು ಬರೆದಿಡಿ. ಏನು ತಿಂದಳು, ಏನು ನಿಂತಿತು, ಎಷ್ಟು ಸಲ ವಾಂತಿ, ಎಷ್ಟು ಸಲ ಮೂತ್ರಕ್ಕೆ ಹೋದಳು, ವಾರಕ್ಕೊಮ್ಮೆ ತೂಕ ಎಷ್ಟು. ಡಾಕ್ಟರ್ ಕೇಳುವುದು ಇದನ್ನೇ. ಅವಳಿಗೆ ಯಾವ ತಿಂಡಿ ಒಗ್ಗುತ್ತದೆ ಎಂಬುದೂ ಒಂದು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ. ಡ್ಯೂಟಿ ಮುಗಿಸಿ ಬರುವಾಗ ಗ್ರೋಸರಿಯಿಂದ ನಾಲ್ಕು ಲಿಂಬೆ, ಒಂದು ತುಂಡು ಶುಂಠಿ, ಒಂದು ಲಬನ್ ತನ್ನಿ. ಅಡುಗೆಮನೆಗೆ ನೀವು ಹೋಗಿ, ಅವಳು ಬಾಗಿಲು ಮುಚ್ಚಿ ಮಲಗಲಿ.

ಊರಿನಲ್ಲಿರುವ ಅಮ್ಮಂದಿರಿಗೂ ಒಂದು ಮಾತು. ಫೋನ್ ಮಾಡಿದಾಗ "ಎಷ್ಟು ತಿಂದೆ" ಎಂದು ಕೇಳುವ ಮೊದಲು "ನೀರು ನಿಲ್ತಾ ಇದ್ಯಾ ಮಗಾ, ಮೂತ್ರ ಸರಿಯಾಗಿ ಹೋಗ್ತಾ ಇದ್ಯಾ" ಎಂದು ಕೇಳಿ. ಇಲ್ಲ ಎಂದರೆ ಮದ್ದು ಹೇಳುತ್ತಾ ಕೂರದೆ, ಫೋನನ್ನು ಅಳಿಯನ ಕೈಗೆ ಕೊಡಿಸಿ "ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪ" ಎಂದುಬಿಡಿ.